ತಕ್ಕಡಿ ಮೇಡಂ ಮತ್ತು ಒಂಬತ್ತು ಕಿಲೋ

"ಮೊದಲು ಗಡಿಯಾರ ಬಿಚ್ಚಿ. ಜೇಬು ಖಾಲಿ ಮಾಡಿ. ಆಮೇಲೆ ಹತ್ತಿ!"

ವಿಮಾನದ ಶೆಡ್ಡಿನ ಮೂಲೆಯಲ್ಲಿದ್ದ ತೂಕದ ಯಂತ್ರದ ಮುಂದೆ ಹೊಸ ಪೈಲಟ್ ಕಕ್ಕಾಬಿಕ್ಕಿಯಾಗಿ ನಿಂತ.

"ತೂಗೋದು ವಿಮಾನಾನಲ್ವಾ? ನನ್ನನ್ಯಾಕೆ?"

"ನೀವು ಅದರೊಳಗೆ ಕೂರಲ್ವಾ? ಹಾಗಿದ್ರೆ ನೀವೂ ನನ್ನ ಲೆಕ್ಕಕ್ಕೇ ಸೇರಿದವರು."

ಅವನು ನಗುತ್ತಾ ಗಡಿಯಾರ ಬಿಚ್ಚಿ, ಯಂತ್ರದ ಪಕ್ಕ ನಿಂತಿದ್ದವಳ ಅಂಗೈಗಿಟ್ಟ. ಬೆರಳಿಗೆ ಬೆರಳು ತಾಗಿತು... ಅಯ್ಯೋ, ಇದೇನು ಎದೆಯೊಳಗೆ ಡವಡವ! ಅವಳು ಮುಖ ಬಿಗಿ ಮಾಡಿಕೊಂಡು ಮುಳ್ಳಿನ ಕಡೆ ನೋಡಿದಳು.

"ಪೈಲಟ್‌ಗೆ ಇಟ್ಟ ಲೆಕ್ಕಕ್ಕಿಂತ ನಾಲ್ಕು ಕಿಲೋ ಜಾಸ್ತಿ ಇದ್ದೀರ."

ಸುತ್ತಲಿದ್ದ ಮೆಕ್ಯಾನಿಕ್‌ಗಳು ಕಿಸಕ್ಕೆಂದರು.

ಹೊಸ ಯುದ್ಧವಿಮಾನದ ತೂಕ ಹತೋಟಿಯಲ್ಲಿಡುವ ಎಂಜಿನಿಯರ್ ಅವಳು. ಒಂದು ಬೋಲ್ಟ್ ಹೆಚ್ಚಿಗೆ ಬೇಕೆಂದರೂ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು 'ತಕ್ಕಡಿ ಮೇಡಂ'. ಮೂರು ವರ್ಷದಲ್ಲಿ ಹಾರಬೇಕಿದ್ದ ವಿಮಾನ ಹತ್ತು ವರ್ಷವಾದರೂ ನೆಲ ಬಿಟ್ಟಿರಲಿಲ್ಲ. ಎಂಜಿನ್ ಬರುವುದು ತಡವಾಯಿತು, ರೆಕ್ಕೆಯನ್ನು ಎರಡು ಸಲ ಹೊಸದಾಗಿ ಮಾಡಬೇಕಾಯಿತು. ಮೇಲೇರಿದ್ದು ಖರ್ಚು ಮಾತ್ರ! ಈ ತಿಂಗಳೊಳಗೆ ಹಾರದಿದ್ದರೆ ಯೋಜನೆಗೆ ಬಾಗಿಲು ಹಾಕುತ್ತೇವೆ ಎಂದು ಹಣ ಕೊಡುವ ಸಮಿತಿ ಹೇಳಿಬಿಟ್ಟಿತ್ತು.

ಮನೆಯಲ್ಲಿ ಅಮ್ಮನದು ಇನ್ನೊಂದು ರಾಗ.

"ಅದು ಹಾರಲಿ, ಆಮೇಲೆ ಮದುವೆ ಅಂತೀಯ. ಅದು ಹಾರೋದು ಯಾವಾಗ, ನಾನು ಅಳಿಯನ ಮುಖ ನೋಡೋದು ಯಾವಾಗ!"

ಇಂಥ ಹೊತ್ತಿನಲ್ಲಿ, ವಿಮಾನವನ್ನು ಮೊದಲ ಸಲ ರನ್‌ವೇ ಮೇಲೆ ಓಡಿಸಿ ಬಂದ ಪೈಲಟ್ ಕೆಳಗಿಳಿದವನೇ ಹೇಳಿದ:

"ಬ್ರೇಕ್ ಹಿಡಿದಾಗ ಮುಂದಿನ ಚಕ್ರ ನಡುಗುತ್ತೆ. ಅದರ ಕಂಬ ಗಟ್ಟಿ ಮಾಡೋವರೆಗೂ ನಾನು ಹಾರಿಸಲ್ಲ."

ಗಟ್ಟಿ ಮಾಡಿದರೆ ಒಂಬತ್ತು ಕಿಲೋ ಹೆಚ್ಚು ತೂಕ. ಎಂಟು ತಿಂಗಳು ತಡ!

"ಒಂಬತ್ತು ಕಿಲೋನಾ? ಒಂದೊಂದು ಗ್ರಾಮಿಗೂ ನಾನು ಜನರ ಜೊತೆ ಜಗಳ ಆಡಿದ್ದೀನಿ ಸ್ವಾಮಿ! ಕಂಪ್ಯೂಟರ್ ಎಲ್ಲಾ ಸರಿಯಿದೆ ಅಂತಿದೆ."

"ಕಂಪ್ಯೂಟರ್ ಒಳಗೆ ಕೂರಲ್ಲ ಮೇಡಂ. ಕೂರೋನು ನಾನು."

ಅವಳಿಗೆ ಮೈಯೆಲ್ಲಾ ಉರಿಯಿತು. ಹೊರದೇಶದಿಂದ ಕೊಳ್ಳುವ ವಿಮಾನಗಳ ತುಕಡಿಗೆ ಇವನಿಗೆ ಕರೆ ಬಂದಿದೆಯೆಂದು ಕ್ಯಾಂಟೀನಿನಲ್ಲಿ ಗುಸುಗುಸು ಇತ್ತು. 'ಇದು ಮುಚ್ಚಿಹೋದರೆ ಇವನಿಗೆ ಅಲ್ಲಿ ಜಾಗ. ಅದಕ್ಕೇ ಈ ನಾಟಕ! ಇಂಥವನಿಗೆ ನನ್ನ ಎದೆ ಬಡಿದುಕೊಂಡಿತಲ್ಲ, ಥೂ...'

"ನಾಳೆ ಇನ್ನೊಂದು ಸಲ ಓಡಿಸಿ," ಎಂದಳು. "ಹಿಂದಿನ ಸೀಟಲ್ಲಿ ನಾನು ಕೂರ್ತೀನಿ. ನಿಮ್ಮ ನಡುಕ ನೋಡೇ ಬಿಡ್ತೀನಿ!"

ಮರುದಿನ ವಿಮಾನ ರನ್‌ವೇ ಮೇಲೆ ನುಗ್ಗಿತು. ಅವಳು ಹಲ್ಲು ಕಚ್ಚಿ ಕೂತಿದ್ದಳು. ಅವನು ಬ್ರೇಕ್ ಹಿಡಿದ.

ಆ ಒಂದು ಕ್ಷಣ... ಇಡೀ ವಿಮಾನ ಅವಳ ಮೂಳೆಗಳೊಳಗೆ ನಡುಗಿತು. ದವಡೆ ಕಟಕಟ ಎಂದಿತು. ಆಮೇಲೆ ಎಲ್ಲವೂ ಮೊದಲಿನಂತಾಯಿತು.

"ಗೊತ್ತಾಯ್ತಾ?" ಹೆಡ್‌ಫೋನಿನಲ್ಲಿ ಅವನ ದನಿ ಮೆಲ್ಲಗಿತ್ತು. ಗೆದ್ದೆನೆಂಬ ಜಂಬ ಅದರಲ್ಲಿರಲಿಲ್ಲ.



ಆ ವಾರವೇ ಸಮಿತಿಯ ಸಭೆ. ಶೆಡ್ಡಿನ ಮುಖ್ಯಸ್ಥರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸಮಿತಿಯ ಅಧ್ಯಕ್ಷರು ಪೈಲಟ್‌ನತ್ತ ತಿರುಗಿದರು.

"ಹೊರದೇಶದ ವಿಮಾನದ ತುಕಡಿಗೆ ಕರೆದರೆ, ಬರಲ್ಲ, ಇದನ್ನೇ ಹಾರಿಸ್ತೀನಿ ಅಂದ್ರಿ. ಈಗ ಇದನ್ನೂ ಹಾರಿಸಲ್ಲ ಅಂದ್ರೆ ಹೇಗ್ರೀ?"

ಅವಳು ಬೆಚ್ಚಿದಳು. ಬರಲ್ಲ ಅಂದಿದ್ದನೇ! ತಾನು ಮನಸ್ಸಿನಲ್ಲೇ ಬೈದದ್ದೆಲ್ಲ ನೆನಪಾಗಿ ಕಣ್ಣು ತುಂಬಿತು. ಅವನು ಬಾಯಿ ತೆರೆಯುವ ಮುನ್ನವೇ ಎದ್ದು ನಿಂತಳು.

"ಸರ್, ಎಂಟು ತಿಂಗಳು ಕೇಳ್ತಿರೋದು ನಾನು."

"ನೀವಾ? ಗ್ರಾಮ್ ಲೆಕ್ಕ ಹಾಕೋರು ನೀವೇ ಅಲ್ವೇನಮ್ಮಾ?"

"ಹೌದು ಸರ್. ಆ ನಡುಕ ನನ್ನ ಮೈಗೇ ಗೊತ್ತಾಗಿದೆ. ತಡ ಮಾಡಿದ್ರು ಅಂತ ವರ್ಷಗಟ್ಟಲೆ ಬೈಸ್ಕೊಂಡಿದ್ದೀವಿ, ಇನ್ನೆಂಟು ತಿಂಗಳು ಬೈಸ್ಕೋತೀವಿ. ಆದ್ರೆ ಆತುರ ಬಿದ್ದು ಹಾರಿಸಿ ಇಳಿಯೋವಾಗ ಚಕ್ರ ಮುರಿದ್ರೆ, ಹಾಕಿದ ದುಡ್ಡೂ ಹೋಗುತ್ತೆ... ಇವರೂ..." ಅವಳು ಕೈಯಲ್ಲಿದ್ದ ಕಾಗದಗಳನ್ನು ಮೇಜಿನ ಮೇಲಿಟ್ಟಳು. "ಆ ಒಂಬತ್ತು ಕಿಲೋ ಬೇರೆ ಕಡೆಯಿಂದ ನಾನು ಇಳಿಸಿಕೊಡ್ತೀನಿ. ಇದು ನನ್ನ ಮಾತು!"

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಎಂಟು ತಿಂಗಳು. ಇದೇ ಕೊನೆ."

ಪೈಲಟ್ ಅವಳನ್ನೇ ನೋಡುತ್ತಿದ್ದ. ಅವಳು ಕಾಗದ ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು.

ಎಂಟು ತಿಂಗಳು ಅವಳು ಯಾರಿಗೂ ನೆಮ್ಮದಿ ಕೊಡಲಿಲ್ಲ. ತಂತಿಗಳನ್ನು ಹತ್ತಿರದ ದಾರಿಯಲ್ಲಿ ಎಳೆಸಿದಳು, ಬಣ್ಣ ತೆಳುಮಾಡಿಸಿದಳು, ಐದು ಕಿಲೋ ಇಳಿಸಿದಳು. ಉಳಿದ ನಾಲ್ಕು? ಪೈಲಟ್ ಸಂಜೆಯ ತಿಂಡಿ ಬಿಟ್ಟು, ದಿನಾ ಬೆಳಿಗ್ಗೆ ಓಡಿ, ತಾನೇ ಇಳಿದ!

ಕೊನೆಗೂ ಆ ಬೆಳಗು ಬಂತು. ಅವನು ಯಂತ್ರದ ಮೇಲೆ ನಿಂತ. ಮುಳ್ಳು ಸರಿಯಾದ ಜಾಗದಲ್ಲಿ ನಿಂತಿತು. ಕೇಳದೆಯೇ ಗಡಿಯಾರ ಬಿಚ್ಚಿ ಕೊಟ್ಟ.

"ಬಂದು ತಗೋತೀನಿ."

"ಬರಲೇಬೇಕು," ಎಂದಳು ಅವಳು, ಅಷ್ಟೇ.

ವಿಮಾನ ಓಡಿತು. ಮೂತಿ ಎತ್ತಿತು. ನೆಲ ಬಿಟ್ಟಿತು! ವರ್ಷಗಟ್ಟಲೆ ಬೈಸಿಕೊಂಡ ಜನ ಒಬ್ಬರನ್ನೊಬ್ಬರು ತಬ್ಬಿ ಕುಣಿದರು. ಮುಖ್ಯಸ್ಥರು ಮಗುವಿನಂತೆ ಅತ್ತರು. ಅವಳು ಮಾತ್ರ ಗಡಿಯಾರವನ್ನು ಮುಷ್ಟಿಯಲ್ಲಿ ಹಿಡಿದು ಉಸಿರು ಬಿಗಿಹಿಡಿದಿದ್ದಳು. ಅವಳಿಗೆ ಬೇಕಿದ್ದುದು ಏರುವುದಲ್ಲ, ಇಳಿಯುವುದು.

ಚಕ್ರಗಳು ನೆಲ ಮುಟ್ಟಿದವು. ಮೂತಿ ತಗ್ಗಿತು. ಬ್ರೇಕ್...

ಒಂದಿಷ್ಟೂ ನಡುಗಲಿಲ್ಲ!

ಹೂಹಾರ, ಕ್ಯಾಮೆರಾ ಎಲ್ಲ ದಾಟಿ ಅವನು ನೇರವಾಗಿ ಅವಳ ಬಳಿ ಬಂದ.

"ನನ್ನ ಗಡಿಯಾರ?"

"ಕೊಡಲ್ಲ. ಇನ್ಮೇಲೆ ಪ್ರತಿ ಸಲ ಹಾರೋಕೆ ಮುಂಚೆ ನನ್ನ ಹತ್ರಾನೇ ಬಿಚ್ಚಿಡಬೇಕು."

"ಎಷ್ಟು ವರ್ಷ?"

"ನಮ್ಮ ಕೆಲಸ ಗೊತ್ತಲ್ಲ... ಹೇಳಿದ್ದಕ್ಕಿಂತ ಜಾಸ್ತಿನೇ ಹಿಡಿಯುತ್ತೆ."

ಅವನು ಜೋರಾಗಿ ನಕ್ಕ. ನಗುತ್ತಲೇ ಅವನ ಕಣ್ಣು ಒದ್ದೆಯಾಯಿತು. "ಮೊದಲ ದಿನ ನಾಲ್ಕು ಕಿಲೋ ಜಾಸ್ತಿ ಅಂದ್ರಲ್ಲ, ಅವತ್ತೇ ನಿಮಗೆ ಬಿದ್ದೋದೆ. ಅದಕ್ಕೇ ಎಲ್ಲೂ ಹೋಗಲಿಲ್ಲ."

ಅವಳು ಮೊಬೈಲ್ ತೆಗೆದಳು.

"ಯಾರಿಗೆ?"

"ಅಮ್ಮಂಗೆ. ಎರಡು ಸುದ್ದಿ ಹೇಳ್ಬೇಕು."

"ವಿಮಾನ ಹಾರಿದ್ದು ಮೊದಲನೇದು. ಇನ್ನೊಂದು?"

ಅವಳು ಅವನ ಕೈ ಹಿಡಿದುಕೊಂಡಳು.

"ವಿಮಾನ ಹಾರಿದ್ದು ಎರಡನೇದು ಕಣ್ರೀ."