ಚಕ್ರ ಕಳಚಿದ ಬೈಕಿನ ವಿಮೆ

ಫೆಬ್ರವರಿ 10, ಮಂಗಳವಾರ, ಬೆಳಿಗ್ಗೆ 9 ಗಂಟೆ 20 ನಿಮಿಷಕ್ಕೆ ಕೆಟಲ್‌ಹಾರ್ನ್ ಪೊಲೀಸ್ ಠಾಣೆಗೆ ದೂರು ಬಂತು.

ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ ಆ ಚಳಿಗಾಲ ಬಿದ್ದ ಹಿಮವನ್ನು ಅಳೆಯಲು ನೆಟ್ಟ ಕೋಲೇ ಹೂತುಹೋಗಿ, ಅದನ್ನು ಹುಡುಕಲು ಇನ್ನೊಂದು ಕೋಲು ತರಿಸಬೇಕಾಗಿತ್ತು. ಠಾಣೆಯ ಬಾಗಿಲು ಬಿಡಿಸಲು ಕಾನ್‌ಸ್ಟೆಬಲ್ ಟ್ಯಾನಿಸ್ ಲೆಡ್ಯೂಕ್ ಮುಕ್ಕಾಲು ಗಂಟೆ ಸಲಿಕೆ ಹಿಡಿದಿದ್ದಳು. ಅವಳು ಬೂಟು ಕೊಡವಿ ಒಳಗೆ ಬರುವ ಹೊತ್ತಿಗೆ, ಈಮೇಲಿನಲ್ಲಿ ಬಂದ ದೂರು ಮಾತ್ರ ಒಂದು ಹನಿಯೂ ಒದ್ದೆಯಾಗದೆ ಸಾರ್ಜೆಂಟ್ ಓರ್ವಿಲ್ ಪೆಟ್ರಿಷಿನ್ ಅವರ ಮೇಜಿನ ಮೇಲೆ ಬಿದ್ದಿತ್ತು.

ಪೆಟ್ರಿಷಿನ್ ಅವರದು ಇಪ್ಪತ್ತಾರು ವರ್ಷದ ಸೇವೆ. ಎದುರಿಗೆ ಕೂತವನು ಸುಳ್ಳು ಹೇಳಲು ಬಾಯಿ ತೆರೆಯುವ ಮೊದಲೇ ಅವರ ಎಡಗಿವಿ ಟೊಮೇಟೊ ಹಣ್ಣಿನ ಹಾಗೆ ಕೆಂಪಾಗುತ್ತದೆ ಎಂಬುದು ಇಡೀ ಕಣಿವೆಗೆ ಗೊತ್ತಿದ್ದ ವಿಷಯ. ಆ ಕಿವಿಯ ಹೆದರಿಕೆಗೇ ಪಕ್ಕದೂರಿನ ಮೂವರು ಕಳ್ಳರು ಕಸುಬು ಬಿಟ್ಟು ಜೇನು ಸಾಕುತ್ತಿದ್ದರು.

"ಯಾರ ಮೇಲೆ ಸರ್ ದೂರು?" ಟ್ಯಾನಿಸ್ ಕೇಳಿದಳು.

"ಗಾರ್ತ್ ಸೀಬರ್ಟ್ ಮೇಲೆ. ವಿಮೆ ವಂಚನೆ."

ಟ್ಯಾನಿಸ್ ನಕ್ಕಳು. ಸಾರ್ಜೆಂಟ್ ನಗಲಿಲ್ಲ.

ಗಾರ್ತ್ ಐವತ್ತೆಂಟು ವರ್ಷದ ಆಸಾಮಿ. ಹೊಟ್ಟೆಪಾಡಿಗೆ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸುತ್ತಿದ್ದ. ಉಳಿದ ಹೊತ್ತಿನಲ್ಲಿ ರಕ್ಷಣಾ ದಳದ ಸ್ವಯಂಸೇವಕ. ಬೇಸಿಗೆಯಲ್ಲಿ ಅವನದು ಮಣ್ಣುದಾರಿಯಲ್ಲಿ ಓಡಿಸುವ ಸಾಮಾನ್ಯ ಡರ್ಟ್ ಬೈಕ್. ನವೆಂಬರ್ ಬಂತೆಂದರೆ ಮುಂದಿನ ಚಕ್ರ ಕಳಚಿ ಹಿಮದ ಮೇಲೆ ಜಾರುವ ಅಗಲವಾದ ಸ್ಕೀ ಹಲಗೆ, ಹಿಂದಿನ ಚಕ್ರ ಕಳಚಿ ಹಲ್ಲುಗಳಿರುವ ಉದ್ದನೆಯ ರಬ್ಬರ್ ಪಟ್ಟಿ. ಆ ಕಣಿವೆಯಲ್ಲಿ ಹಾಗೆ ಮಾಡದ ಮನೆಯಿಲ್ಲ. ಆದರೆ ಹೆಲಿಕಾಪ್ಟರ್ ಕೂಡ ಕೈಚೆಲ್ಲುವ ಮಂಜಿನಲ್ಲಿ ಮೇಲಿನ ಕಣಿವೆಗೆ ಏರಬಲ್ಲವನು ಗಾರ್ತ್ ಒಬ್ಬನೇ. ಅವನು ಕೆಳಗಿಳಿಸಿ ತಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲಿನ ಬಾಲ ಅಲಾಸ್ಕಾ ಮುಟ್ಟುತ್ತಿತ್ತು. ಮೂರು ವರ್ಷದ ಹಿಂದೆ ಹಿಮಕುಸಿತದಲ್ಲಿ ಜೀಪಿನ ಸಮೇತ ಹೂತುಹೋಗಿದ್ದ ಪೆಟ್ರಿಷಿನ್ ಕೂಡ ಆ ಸಾಲಿನಲ್ಲಿದ್ದರು.

ಸಾರ್ಜೆಂಟ್ ಎಫ್‌ಐಆರ್ ಬರೆದುಕೊಂಡರು. ದೂರುದಾರರು ಕ್ಯಾಲ್ಗರಿಯ ಒಂದು ವಿಮಾ ಕಂಪನಿ. ಜನವರಿ 31ರಂದು ದಾರಿ ತಪ್ಪಿದ ಇಬ್ಬರನ್ನು ಹುಡುಕಲು ಹೋಗುವಾಗ ಸರೋವರದ ಮಂಜುಗಡ್ಡೆ ಒಡೆದು ಗಾರ್ತ್‌ನ ಬೈಕು ತಳ ಸೇರಿತ್ತು. ಅವನು ಈಜಿ ದಡ ಹತ್ತಿ, ಹೆಪ್ಪುಗಟ್ಟಿದ ಪ್ಯಾಂಟು ತಗಡಿನಂತೆ ಸದ್ದು ಮಾಡುತ್ತಿದ್ದರೂ ನಡೆದೇ ಹೋಗಿ ಇಬ್ಬರನ್ನೂ ಕರೆತಂದಿದ್ದ. ಅಲ್ಲಿಯವರೆಗೆ ಕಂಪನಿಯದೂ ತಕರಾರಿಲ್ಲ. ಆದರೆ ಪಾಲಿಸಿ ಇದ್ದದ್ದು ಚಕ್ರವಿರುವ ಬೈಕಿಗೆ. ಸ್ಕೀ ಹಾಕಿಸುವವರು ಮೊದಲೇ ಫೋಟೋ ಸಮೇತ ಮಾರ್ಪಾಡು ಪತ್ರ ಕೊಟ್ಟಿರಬೇಕು. ಇಲ್ಲದಿದ್ದರೆ ವಿಮೆ ಸಿಗುವುದಿಲ್ಲ. ಗಾರ್ತ್‌ನ ಪತ್ರ ನವೆಂಬರ್ 8ರ ತಾರೀಖು ಹೊತ್ತು ಕಂಪನಿ ತಲುಪಿದ್ದು ಫೆಬ್ರವರಿ 5ಕ್ಕೆ, ಬೈಕು ಮುಳುಗಿ ಐದು ದಿನಕ್ಕೆ. ಹಳೇ ತಾರೀಖು ಹಾಕಿ ಸೃಷ್ಟಿಸಿದ ದಾಖಲೆ ಎಂಬುದು ಕಂಪನಿಯ ಅನುಮಾನ.

"ಸರ್, ಆ ಪತ್ರ ಎಲ್ಲರೂ ಕೊಡ್ಬೇಕಾ?"

"ಎಲ್ಲರೂ."

"ಸ್ಕೀ ಹಾಕೋಕೆ ಮೊದ್ಲೇನಾ?"

"ನಿನ್ನ ಬೈಕಿಗೆ ಕೊಟ್ಟಿದೀಯಾ?"

ಟ್ಯಾನಿಸ್ ಕಿಟಕಿಯ ಕಡೆ ನೋಡಿದಳು. "ತನಿಖೆ ಶುರು ಮಾಡೋಣ ಸರ್."

ಪೆಟ್ರಿಷಿನ್ ಆ ಪತ್ರದ ಜೊತೆಗಿದ್ದ ಫೋಟೋವನ್ನು ಬೆಳಕಿಗೆ ಹಿಡಿದರು. ಅದು ಗಾರ್ತ್‌ನ ಬೈಕೇ. ಸ್ಕೀ, ಪಟ್ಟಿ ಎಲ್ಲ ಸರಿಯಾಗಿತ್ತು. ಹ್ಯಾಂಡಲಿನ ಎರಡು ತುದಿಗೂ ಕೈ ಬೆಚ್ಚಗಿಡುವ ಗವಸು ತೊಡಿಸಿತ್ತು: ಕಿತ್ತಳೆ ಬಣ್ಣದ ದಪ್ಪ ಬಟ್ಟೆ, ಅದರ ಮೇಲೆ ಒಂದೊಂದು ಹಳದಿ ಬಾತುಕೋಳಿ. ಅಷ್ಟು ಎದ್ದು ಕಾಣುವ ಬಾತುಕೋಳಿಗಳನ್ನು ಬಾಹ್ಯಾಕಾಶದಿಂದಲೂ ಎಣಿಸಬಹುದಿತ್ತು.

ರಕ್ಷಣಾ ದಳದ ನಿಯಮ ಪೆಟ್ರಿಷಿನ್ ಅವರಿಗೆ ಗೊತ್ತಿತ್ತು. ವಂಚನೆ ಪ್ರಕರಣವಿದ್ದವನಿಗೆ ದಳದಲ್ಲಿ ಜಾಗವಿಲ್ಲ. ಗಾರ್ತ್ ಇಲ್ಲದಿದ್ದರೆ ಮುಂದಿನ ಮಂಜಿನ ದಿನ ಮೇಲಿನ ಕಣಿವೆಯಲ್ಲಿ ಸಿಕ್ಕಿಬಿದ್ದವರಿಗೆ ಯಾರೂ ಇಲ್ಲ. ಅವರು ಟೋಪಿ ಹಾಕಿಕೊಂಡರು. ಅಂದು ಅದು ಎಂದಿಗಿಂತ ಭಾರವಾಗಿತ್ತು.

ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಅವರಿಬ್ಬರೂ ಗಾರ್ತ್‌ನ ಶೆಡ್ಡಿಗೆ ಹೋದರು. ಕಳಚಿದ ಎರಡು ಚಕ್ರಗಳು ಗೋಡೆಯ ಮೊಳೆಗೆ ನೇತುಬಿದ್ದಿದ್ದವು. ಅವುಗಳ ಕೆಳಗೆ, ಬೈಕು ನಿಲ್ಲಬೇಕಾದ ಜಾಗದಲ್ಲಿ, ಗಾರ್ತ್ ಸ್ಟೂಲು ಹಾಕಿಕೊಂಡು ಕೂತಿದ್ದ.

"ಬಾ ಓರ್ವಿಲ್. ಸಾಂತ್ವನ ಹೇಳೋಕೆ ಬಂದ್ಯಾ, ಕಾಫಿ ಕುಡಿಯೋಕೆ ಬಂದ್ಯಾ?"

"ಕೇಳೋಕೆ ಬಂದೆ. ಮಾರ್ಪಾಡು ಪತ್ರ ಯಾವಾಗ ಕೊಟ್ಟೆ?"

"ಯಾವ ಪತ್ರ?"

"ಸ್ಕೀ ಹಾಕ್ತೀನಿ ಅಂತ ವಿಮೆಯವರಿಗೆ ತಿಳಿಸೋ ಪತ್ರ."

ಗಾರ್ತ್ ಗಡ್ಡ ಕೆರೆದುಕೊಂಡ. "ನಮ್ಮ ಏಜೆಂಟು ವಿಲ್ಮಾ ಏನೋ ಕಾಗದ ಕಳಿಸಿದ್ಲು ಅಕ್ಟೋಬರಲ್ಲಿ. ಒಲೆ ಹಚ್ಚೋಕೆ ಚೆನ್ನಾಗಿತ್ತು."

ಸಾರ್ಜೆಂಟ್ ಅವರ ಎಡಗಿವಿ ತಣ್ಣಗೇ ಇತ್ತು. ಟ್ಯಾನಿಸ್ ಅದನ್ನು ಕದ್ದು ನೋಡಿ ನಿಟ್ಟುಸಿರು ಬಿಟ್ಟಳು.

"ಹಾಗಾದ್ರೆ ವಿಮೆ ದುಡ್ಡು ಕೇಳಿದ್ಯಾಕೆ?"

"ವಿಮೆ ಇದೆಯಲ್ಲಪ್ಪಾ, ಕೇಳ್ದೆ. ಹನ್ನೊಂದು ವರ್ಷದಿಂದ ಕಟ್ತಾ ಇದೀನಿ. ಬೈಕು ಬೈಕೇ ತಾನೆ? ನಾನು ಬೂಟು ಬಿಚ್ಚಿ ಚಪ್ಪಲಿ ಹಾಕ್ಕೊಂಡ್ರೆ ಬೇರೆ ಮನುಷ್ಯ ಆಗ್ತೀನಾ?"

ಪೆಟ್ರಿಷಿನ್ ಫೋಟೋ ಮುಂದೆ ಚಾಚಿದರು. ಗಾರ್ತ್‌ನ ಮುಖ ಅರಳಿತು.

"ಅಯ್ಯೋ, ನನ್ನ ಬಾತುಕೋಳಿಗಳು! ವಿಲ್ಮಾ ಹೊಲಿದ್ಕೊಟ್ಟಿದ್ದು. ಅವಳ ಅಡುಗೆಮನೆ ಪರದೆ ಕತ್ತರಿಸಿ. ನಾಲ್ಕೇ ದಿನ ಹಾಕ್ಕೊಂಡೆ ನೋಡು, ಅಷ್ಟರಲ್ಲಿ ಸರೋವರದ ಪಾಲು."

"ಯಾವತ್ತು ಕೊಟ್ಲು?"

"ಜನವರಿ 27."

"ಅಷ್ಟು ಖಾತ್ರಿಯಾಗಿ ಹೇಳ್ತೀಯಾ?"

"ಅವತ್ತೇ ಅವಳ ಮುರಿದ ಕಾಲಿನ ಪ್ಲಾಸ್ಟರ್ ಮೇಲೆ ಸಹಿ ಹಾಕ್ಸಿಕೊಂಡ್ಲು. ತಾರೀಖು ಬರೆದೇ ತೀರಬೇಕು ಅಂದ್ಲು. ಅವಳು ವಿಮೆ ಏಜೆಂಟು ಕಣಪ್ಪಾ, ತಾರೀಖು ಇಲ್ದೆ ಸೀನೋದೂ ಇಲ್ಲ." ಅವನು ಫೋಟೋವನ್ನು ಮತ್ತೆ ನೋಡಿದ. "ಇದನ್ನೂ ಅವಳೇ ತೆಗೆದಿದ್ದು. ಕಿಟಕಿಯಿಂದ. ನೆನಪಿಗಿರಲಿ ಅಂತ."

ಅಷ್ಟು ಹೇಳಿದ ಮೇಲೆ ಪೊಲೀಸರಿಬ್ಬರೂ ಪತ್ರದ ತಾರೀಖು ನೋಡುತ್ತಿದ್ದುದನ್ನು ಗಾರ್ತ್ ಗಮನಿಸಿದ. ನಗು ನಿಧಾನವಾಗಿ ಇಳಿಯಿತು.

"ಓರ್ವಿಲ್, ಏನಾಯ್ತು?"

"ನೀನು ಮನೇಲೇ ಇರು. ಸಂಜೆವರೆಗೂ ಯಾರಿಗೂ ಫೋನ್ ಮಾಡ್ಬೇಡ."

ಇಬ್ಬರೂ ಜೀಪು ಹತ್ತಿದರು. ನವೆಂಬರ್ 8ರ ಪತ್ರದಲ್ಲಿ ಜನವರಿ 27ರ ಬಾತುಕೋಳಿಗಳು. ಇನ್ನು ಬಿಡಿಸಿ ಹೇಳುವುದೇನಿತ್ತು? ಕಾಲು ಮುರಿದಾಗ ಬೆಟ್ಟದಿಂದ ಇಳಿಸಿ ತಂದ ಉಪಕಾರ ನೆನೆದು ವಿಲ್ಮಾ ಹೊಲಿದುಕೊಟ್ಟ ಉಡುಗೊರೆಯೇ ಸಾಕ್ಷಿಕಟ್ಟೆ ಹತ್ತಿ ನಿಂತಿತ್ತು.

"ಸರ್, ಫೋಟೋ ಚೆನ್ನಾಗಿ ಕಾಣ್ಲಿಲ್ಲ ಅಂತ ಬರೆದ್ರೆ?"

"ಬರೆದ್ರೆ, ವಂಚನೆ ಗಾರ್ತ್ ತಲೆ ಮೇಲೆ ಉಳಿಯುತ್ತೆ," ಎಂದರು ಪೆಟ್ರಿಷಿನ್. "ಪತ್ರದಲ್ಲಿರೋದು ಅವನ ಹೆಸರು."

ಮಧ್ಯಾಹ್ನ 2 ಗಂಟೆ 30 ನಿಮಿಷಕ್ಕೆ ವಿಲ್ಮಾ ಹಾಲ್ವರ್ಸನ್ ಅವರ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಪಂಚರಾಗಿ ಅಂಚೆ ಕಚೇರಿಯ ಬರ್ನಿಸ್ ಮತ್ತು ಬ್ರೆಡ್ ಅಂಗಡಿಯ ಯೂಸ್ಟಸ್ ಹಾಜರಿದ್ದರು. ಯೂಸ್ಟಸ್ ಬರಿಗೈಲಿ ಹೋಗುವುದು ಸರಿಯಲ್ಲವೆಂದು ದಾಲ್ಚಿನ್ನಿ ಬನ್ನುಗಳನ್ನು ತಂದಿದ್ದ. ಪೊಲೀಸ್ ಶೋಧನೆಗೆ ಬನ್ನು ತಂದ ಪಂಚರು ಭೂಮಂಡಲದಲ್ಲಿ ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಅರವತ್ತೇಳು ವರ್ಷದ ವಿಲ್ಮಾ ಪ್ಲಾಸ್ಟರ್ ಹಾಕಿದ ಕಾಲನ್ನು ಕುರ್ಚಿಯ ಮೇಲೆ ಚಾಚಿ ಕೂತಿದ್ದರು. ಜನವರಿ 17ರಂದು ಮೇಲಿನ ಕಣಿವೆಯ ತಮ್ಮ ಮರದ ಮನೆಯ ಸೂರಿನ ಹಿಮ ತಳ್ಳುವಾಗ ಜಾರಿ ಬಿದ್ದು ಮುರಿದ ಕಾಲು ಅದು. ಗಾರ್ತ್ ಬೈಕಿನ ಹಿಂದೆ ಜಾರುಬಂಡಿ ಕಟ್ಟಿ ಅವರನ್ನು ಮೂವತ್ತೆಂಟು ಕಿಲೋಮೀಟರ್ ಇಳಿಸಿ ತಂದಿದ್ದ.

"ಬೂಟು ಕೊಡವಿ ಬಾರೋ ಓರ್ವಿಲ್, ನೆಲ ಒರೆಸಿದೀನಿ," ಎಂದರು.

"ವಿಲ್ಮಕ್ಕಾ, ಕಾಲು ತೋರಿಸ್ಬೇಕು."

"ಇಷ್ಟು ವಯಸ್ಸಾದ ಮೇಲೆ ಒಬ್ಬ ಗಂಡಸು ಹೀಗೆ ಕೇಳ್ತಾನೆ ಅಂದ್ಕೊಂಡಿರ್ಲಿಲ್ಲ."

ಬರ್ನಿಸ್ ಕೆಮ್ಮಿದಳು. ಟ್ಯಾನಿಸ್ ಮಂಡಿಯೂರಿ ಪ್ಲಾಸ್ಟರಿನ ಚಿತ್ರ ತೆಗೆದುಕೊಂಡಳು. ಕರಡಿ ಪರಚಿದಂಥ ಸಹಿ: ಗಾರ್ತ್ ಸೀಬರ್ಟ್, ಜನವರಿ 27. ಪಕ್ಕದಲ್ಲಿ ಕಂಪನಿಗೆ ಬಂದ ಪತ್ರದ ಸಹಿ ಇಟ್ಟು ನೋಡಿದರು. ಅದು ಶಾಲೆಯಲ್ಲಿ ಬಹುಮಾನ ಪಡೆಯುವಷ್ಟು ದುಂಡಗಿತ್ತು.

"ಇದು ಯಾರ ಸಹಿ?"

"ನೀನೇ ಹೇಳು."

"ನಿಮ್ಮ ಬಾಯಿಂದ ಬರ್ಲಿ."

"ನಂದು." ವಿಲ್ಮಾ ಮೇಜಿನ ಖಾನೆ ಎಳೆದು ತಾರೀಖಿನ ಮೊಹರನ್ನು ತಾವೇ ಮುಂದೆ ತಳ್ಳಿದರು. ಅದರ ಅಂಕಿಗಳು ಇನ್ನೂ ನವೆಂಬರ್ 8ರಲ್ಲೇ ನಿಂತಿದ್ದವು. "ನಲವತ್ತು ವರ್ಷದಲ್ಲಿ ಒಂದೇ ಸಲ ಹಿಂದಕ್ಕೆ ತಿರುಗಿಸಿದ್ದು. ಮುಂದಕ್ಕೆ ತಿರುಗಿಸೋಕೆ ಕೈ ಬರ್ಲಿಲ್ಲ."

ಸಾರ್ಜೆಂಟ್ ಅವರ ಕಿವಿ ಈಗಲೂ ಕೆಂಪಾಗಲಿಲ್ಲ.

"ಗಾರ್ತ್‌ಗೆ ಗೊತ್ತಿತ್ತಾ?"

"ಅವನಿಗೆ ಪಾಲಿಸಿ ಯಾವ ಬಣ್ಣದ್ದು ಅಂತಾನೂ ಗೊತ್ತಿಲ್ಲ. ವಿಮೆ ಸಿಗಲ್ಲ ಅಂತ ಅವನಿಗೆ ಸತ್ಯ ಹೇಳಿದ್ರೆ, ಬೇರೆ ಬೈಕಿಗೆ ದುಡ್ಡಿಲ್ಲ, ದಳ ಬಿಟ್ಬಿಡ್ತೀನಿ ಅಂತಿದ್ದ. ಮುಂದಿನ ಸಲ ಬಿದ್ದವರ ಗತಿ ಏನು?"

"ಬೇರೆ ಫೋಟೋ ಇರ್ಲಿಲ್ವಾ?"

"ಎಷ್ಟೋ ಇದ್ವು." ಅವರು ಮೊದಲ ಸಲ ನಾಚಿಕೊಂಡರು. "ಇದ್ರಲ್ಲಿ ಬೈಕು ತುಂಬಾ ಚೆನ್ನಾಗಿ ಕಾಣ್ತಿತ್ತು. ನಾನು ಬಾತುಕೋಳಿ ನೋಡಿದ್ನಾ, ಸಾಕ್ಷಿ ನೋಡಿದ್ನಾ? ಹೊಲಿಗೆ ನೋಡ್ತಾ ಕೂತೆ."

ಟ್ಯಾನಿಸ್ ಪಂಚನಾಮೆ ಬರೆದು ಮುಗಿಸಿದಳು. ಮೊಹರು ವಶಕ್ಕೆ ಪಡೆಯಲಾಯಿತು. ಪಂಚರು ಸಹಿ ಹಾಕಿದರು. ಯೂಸ್ಟಸ್‌ನ ಸಹಿಯ ಮೇಲೆ ಸಕ್ಕರೆ ಉದುರಿತ್ತು. ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ವಿಲ್ಮಾ ಹಾಲ್ವರ್ಸನ್ ಅವರನ್ನು ದಸ್ತಗಿರಿ ಮಾಡಲಾಯಿತು. ಕೈಕೋಳ ಹಾಕಲಿಲ್ಲ, ಅವರ ಎರಡು ಕೈಯಲ್ಲೂ ಊರುಗೋಲಿದ್ದವು. ಜೀಪಿನವರೆಗೂ ಸಾರ್ಜೆಂಟ್ ತೋಳು ಕೊಟ್ಟರು.

ಠಾಣೆಯಲ್ಲಿ ಹೇಳಿಕೆ ದಾಖಲಿಸುವಾಗ ಪೆಟ್ರಿಷಿನ್ ಕೊನೆಯ ಪ್ರಶ್ನೆ ಕೇಳಿದರು.

"ಪ್ರಾಣ ಉಳಿಸಿದ, ಸರಿ. ನನ್ನ ಪ್ರಾಣಾನೂ ಉಳಿಸಿದಾನೆ. ನಾನು ಒಂದು ಬಾಟಲಿ ವಿಸ್ಕಿ ಕೊಟ್ಟೆ. ನೀವ್ಯಾಕೆ ಇಷ್ಟು ದೂರ ಹೋದ್ರಿ?"

ವಿಲ್ಮಾ ಊರುಗೋಲಿನ ಹಿಡಿ ಸವರುತ್ತ ಕೂತರು.

"ಇಳಿದು ಬರೋಕೆ ನಾಲ್ಕು ಗಂಟೆ ಹಿಡೀತು. ನಾನು ಜಾರುಬಂಡಿಯಲ್ಲಿ ತಾಡಪಾಲಿನ ಕೆಳಗೆ. ಏನೂ ಕಾಣಲ್ಲ. ಹತ್ತು ನಿಮಿಷಕ್ಕೊಂದ್ಸಲ ಬೈಕು ನಿಲ್ಸಿ, ಹಿಂದೆ ಬಂದು, ತಾಡಪಾಲು ಎತ್ತಿ, 'ವಿಲ್ಮಾ, ಇದ್ದೀಯಾ?' ಅಂತಿದ್ದ. ನಾನು 'ಇದ್ದೀನಿ' ಅಂತಿದ್ದೆ. ನನ್ನ ಗಂಡ ಹೋಗಿ ಇಪ್ಪತ್ತೆರಡು ವರ್ಷ ಆಯ್ತು ಓರ್ವಿಲ್. ಪಾಲಿಸಿ ಇದೆಯಾ ಅಂತ ಊರೆಲ್ಲ ಕೇಳುತ್ತೆ. ನಾನಿದೀನಾ ಅಂತ ಯಾರೂ ಕೇಳಿರ್ಲಿಲ್ಲ."

ಟ್ಯಾನಿಸ್ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಸಾರ್ಜೆಂಟ್ ವರದಿಯ ಕೊನೆಯ ಸಾಲನ್ನು ತಾವೇ ಬರೆದರು: ಗಾರ್ತ್ ಸೀಬರ್ಟ್ ನಿರ್ದೋಷಿ; ರಕ್ಷಣಾ ದಳದಲ್ಲಿ ಮುಂದುವರಿಯಲು ಯಾವ ಅಡ್ಡಿಯೂ ಇಲ್ಲ.

ವಿಲ್ಮಾ ಅದನ್ನು ತಲೆಕೆಳಗಾಗಿಯೇ ಓದಿ, "ತಾರೀಖು ಹಾಕೋ," ಎಂದರು.

ಅಷ್ಟರಲ್ಲಿ ಹೊರಗೆ ಭೂಕಂಪವಾದಂಥ ಸದ್ದಾಯಿತು. ಪೊಲೀಸರಿಬ್ಬರೂ ಕೋಣೆಯ ಬಾಗಿಲು ಎಳೆದುಕೊಂಡು ಹೊರಬಂದರು. ಹಿಮ ಬಳಿಯುವ ಲಾರಿ ಇಡೀ ಬೀದಿಯನ್ನು ಅಡ್ಡಗಟ್ಟಿ ನಿಂತಿತ್ತು. ಬರ್ನಿಸ್ ಬಾಯಿಗೆ ಬಿದ್ದ ಸುದ್ದಿ ಅಂಚೆಗಿಂತ ಬೇಗ ಓಡಿತ್ತು. ಲಾರಿಯ ಹಿಂದೆ ಹತ್ತಾರು ಬೈಕು ಸವಾರರು. ಒಬ್ಬನ ಹೆಗಲ ಮೇಲೆ ಹಳೇ ಸ್ಕೀ, ಇನ್ನೊಬ್ಬನ ಕೈಯಲ್ಲಿ ಹ್ಯಾಂಡಲು, ಮೂವರು ಸೇರಿ ಹೊತ್ತಿದ್ದ ಒಂದು ಎಂಜಿನ್ನು. ತಮ್ಮ ತಮ್ಮ ಶೆಡ್ಡು ಗುಡಿಸಿ ಗಾರ್ತ್‌ಗೆ ಬೈಕು ಜೋಡಿಸಿಕೊಡಲು ಬಂದವರು. ಎಲ್ಲರ ಜೇಬಿನಲ್ಲೂ ಒಂದೊಂದು ಮಾರ್ಪಾಡು ಪತ್ರವಿತ್ತು. ಟ್ಯಾನಿಸ್ ತನ್ನದನ್ನು ಮಧ್ಯಾಹ್ನವೇ ತುಂಬಿಟ್ಟಿದ್ದಳು, ಅಂದಿನ ನಿಜವಾದ ತಾರೀಖು ಹಾಕಿ.

ಗಾರ್ತ್ ಬೂಟು ಕೊಡವದೆ ಒಳಗೆ ಬಂದ. ವಿಲ್ಮಾ ಕೂತಿದ್ದ ಕೋಣೆಯ ಬಾಗಿಲು ಮುಚ್ಚಿತ್ತು. ಪೆಟ್ರಿಷಿನ್ ತಡೆಯಲು ಕೈ ಎತ್ತಿದವರು ಹಾಗೇ ಇಳಿಸಿ ಪಕ್ಕಕ್ಕೆ ಸರಿದರು. ಗಾರ್ತ್ ಬಾಗಿಲಿಗೆ ಹಣೆ ಆನಿಸಿದ.

"ವಿಲ್ಮಾ, ಇದ್ದೀಯಾ?"

ಒಳಗೆ ಊರುಗೋಲು ನೆಲಕ್ಕೆ ಬಿದ್ದ ಸದ್ದು.

"ಇದ್ದೀನಿ ಕಣೋ," ಎಂದರು ವಿಲ್ಮಾ. "ಇದ್ದೀನಿ."