ಸಾಯಬಾರದಿದ್ದ ಹುಳುಗಳು

ಲ್ಯಾಬಿನವರೆಲ್ಲ ಸಿಡುಕಿ ಎಂದು ಕರೆಯುತ್ತಿದ್ದ ಹುಡುಗಿ ಎಸೆದ ಫ್ಲಾಸ್ಕ್ ಗೂಬೆಯ ತಲೆಯ ಪಕ್ಕದ ಗೋಡೆಗೆ ಬಡಿದು ನುಚ್ಚುನೂರಾಯಿತು. ಗೂಬೆ ಎಂದರೆ ಅವಳ ಜೊತೆ ಕೆಲಸ ಮಾಡುವವನು; ದುಂಡು ಕನ್ನಡಕದಿಂದ ಅಂಟಿಕೊಂಡ ಹೆಸರು.

ಅವನು ಮಾಡಿದ್ದಾದರೂ ಏನು? ರಕ್ತದಲ್ಲಿ ಈಜಿ ಮೆದುಳಿಗೇರುವ ಪರಾವಲಂಬಿ ಹುಳುವೊಂದನ್ನು ಕೊಲ್ಲಲು ಅವಳು ವರ್ಷಗಟ್ಟಲೆ ಹೆಣಗಿ ಆಂಟಿಸೆನ್ಸ್ ಅಣುವೊಂದನ್ನು ಕಟ್ಟಿದ್ದಳು. ಅದು ಆ ಹುಳುವಿನ ಒಂದೇ ಒಂದು ಜೀನ್‌ನ ಸಂದೇಶಕ್ಕೆ ಅಂಟಿಕೊಂಡು ಅದರ ಸದ್ದಡಗಿಸಬೇಕು. ಹುಳುಗಳು ಸತ್ತಿದ್ದವು. ಮಾರನೆಯ ದಿನ ದೊಡ್ಡ ದೊಡ್ಡವರೆದುರು ಅವಳ ಭಾಷಣವಿತ್ತು. ಅಷ್ಟರಲ್ಲಿ ಈ ಪುಣ್ಯಾತ್ಮ, ಅವಳಿಗೊಂದು ಮಾತೂ ಹೇಳದೆ, ಯಾವ ಜೀನ್‌ಗೂ ಅಂಟದ ಪೊಳ್ಳು ಅಣುವನ್ನು ಅವಳು ಬಳಸಿದ್ದ ದ್ರವದಲ್ಲೇ ಬೆರೆಸಿ ಬೇರೆ ಹುಳುಗಳಿಗೆ ಹಾಕಿದ್ದ. ಆ ಹುಳುಗಳೂ ಸತ್ತವು. ಅಂದರೆ ಕೊಂದದ್ದು ಅವಳ ಅಣುವಲ್ಲ, ಅಣುವನ್ನು ಹುಳುವಿನೊಳಗೆ ನುಗ್ಗಿಸುವ ದ್ರವವೇ ವಿಷ. ಅವಸರದಲ್ಲಿ ಅವಳು ಬಿಟ್ಟುಬಿಟ್ಟಿದ್ದ ಪರೀಕ್ಷೆ ಅದೊಂದೇ.

"ಬೆನ್ನ ಹಿಂದೆ ಮಾಡಿದ್ಯಲ್ಲ, ನಾಚಿಕೆ ಆಗಲ್ವಾ ನಿಂಗೆ?" ಅವಳು ಅವನ ಕಾಲರ್ ಹಿಡಿದು ಗೋಡೆಗೆ ದಬ್ಬಿದಳು.

ಅವನು ಅಂಗೈ ತೋರಿಸಿದ. ಮುಖಕ್ಕೆ ಅಡ್ಡ ಹಿಡಿದಿದ್ದ ಕೈಗೆ ಗಾಜಿನ ಚೂರು ಆಳವಾಗಿ ನೆಟ್ಟಿತ್ತು. ರಕ್ತ ಮೊಣಕೈವರೆಗೂ ಇಳಿಯುತ್ತಿತ್ತು. ಫ್ಲಾಸ್ಕಿನಲ್ಲಿದ್ದದ್ದು ಜೀವಂತ ಹುಳುಗಳು.

ಅವಳು ಕಾಲರ್ ಬಿಟ್ಟಳು. ಚೂರನ್ನು ಕಿತ್ತು, ಅವನನ್ನು ದರದರನೆ ಎಳೆದೊಯ್ದು, ಕೈಯನ್ನು ನಲ್ಲಿಯಡಿ ಹಿಡಿದು ಸೋಪು ಸುರಿದಳು. ಅವನು ಹಲ್ಲು ಕಚ್ಚಿದ. ಬಿರುಕುಬಿಟ್ಟ ಕನ್ನಡಕದೊಳಗಿಂದ ಅವಳ ರೆಪ್ಪೆಗಳನ್ನೇ ನೋಡುತ್ತ ನಿಂತ.

"ಇಷ್ಟು ಹತ್ತಿರ ನೀನು ಯಾವತ್ತೂ ಬಂದಿರ್ಲಿಲ್ಲ."

"ಬಾಯ್ಮುಚ್ಚು."

"ನಾಳೆ ಯಾರಾದ್ರೂ ಈ ಪರೀಕ್ಷೆ ಬಗ್ಗೆನೇ ಕೇಳಿ ಎಲ್ರೆದುರು ನಿನ್ನ ಮಾನ ಕಳೀತಿದ್ರು. ನಂಗೆ ನೋಡಕ್ಕಾಗ್ತಿರ್ಲಿಲ್ಲ. ಪ್ರೀತಿಸ್ತೀನಿ, ಏನ್ ಮಾಡ್ಲಿ?"

ಅವಳು ಗಾಯವನ್ನು ಇನ್ನಷ್ಟು ತೊಳೆದಳು.

ಭಾಷಣವನ್ನು ಅವಳೇ ರದ್ದು ಮಾಡಿದಳು. ಆಸ್ಪತ್ರೆಯಲ್ಲಿ ಕೊಟ್ಟ ಔಷಧಿ ಗೂಬೆಯನ್ನು ಹಿಂಡಿ ಹಿಪ್ಪೆ ಮಾಡಿತು. ವಾಂತಿ, ನಡುಕ, ಮೈಯೆಲ್ಲ ಉರಿ. ಹುಳು ರಕ್ತಕ್ಕೆ ಸೇರಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವನ ರಕ್ತದ ಸ್ಲೈಡುಗಳನ್ನು ತಾನೂ ನೋಡಲೇಬೇಕೆಂದು ಅವಳು ಡಾಕ್ಟರ ಹತ್ತಿರ ಜಗಳವಾಡಿದಳು. ಕಡೆಯ ಸ್ಲೈಡಿನಲ್ಲೂ ಏನೂ ಇರಲಿಲ್ಲ.

ವಾರ್ಡಿಗೆ ನುಗ್ಗಿದವಳು ಮೊದಲು ಅವನ ಎದೆಗೊಂದು ಗುದ್ದಿದಳು. ಆಮೇಲೆ ಅತ್ತಳು.

"ನೀನೇನಾದ್ರೂ ಸತ್ತಿದ್ರೆ ಕೊಂದೇಹಾಕ್ತಿದ್ದೆ ನಿನ್ನ. ನೀನಂದ್ರೆ ಪ್ರಾಣ ಕಣೋ ನಂಗೆ."

ಅವನು ಆ ಮುಷ್ಟಿಯನ್ನು ಹಿಡಿದುಕೊಂಡ. "ಇನ್ನು ಹೊಡೆಯೋದೇನಿದ್ರೂ ಮದುವೆ ಆದ್ಮೇಲೆ."

ಅಲ್ಲಿಯವರೆಗೆ ಕಾಯುವ ತಾಳ್ಮೆ ಅವಳಿಗೆಲ್ಲಿತ್ತು? ಅಲ್ಲೇ ಇನ್ನೊಂದು ಗುದ್ದಿ, ಗುದ್ದಿದ ಜಾಗದಲ್ಲೇ ಮುಖ ಹುದುಗಿಸಿದಳು.