ಎರಡು ರಿಂಗಿಗೆ ಕಟ್ಟಾಗುವ ನಂಬರು

ಮಂಗಳವಾರ ಬೆಳಿಗ್ಗೆ ರುದ್ರವ್ವ ತಿಕೋಟಾ ಠಾಣೆಗೆ ಬಂದು ದೂರು ಕೊಟ್ಟಳು. ಆಕೆಯ ಮಗ ಸತೀಶಕುಮಾರ ಪಂಪಿನ ಮೋಟರು ರಿಪೇರಿ ಮಾಡುವವನು. ಹಿಂದಿನ ಸಂಜೆ ಯಾರೋ ಮೋಟರು ಸುಟ್ಟಿದೆಯೆಂದು ಅವನನ್ನು ಬಬಲೇಶ್ವರ ರಸ್ತೆಗೆ ಕರೆಸಿ, ಹಿಂದಿನಿಂದ ಕಂಬಳಿ ಮುಚ್ಚಿ, ರಾಡಿನಿಂದ ಬಲಗೈ ಜಜ್ಜಿದ್ದರು. ಅವನ ಫೋನನ್ನು ಕಾಲುವೆಗೆ ಎಸೆದಿದ್ದರು.

"ತಲಿಗೆ ಹೊಡದಿಲ್ರಿ ಸಾಹೇಬ್ರ, ಕೈಗಷ್ಟ ಹೊಡದಾರ. ಆ ಕೈಯಿಂದನ ನಮ್ಮ ಮನಿ ನಡೀತೈತಿ. ಬೆರಳು ಮಡಚೂದು ಅನುಮಾನ ಅಂತ ಡಾಕ್ಟರ್ ಹೇಳ್ಯಾರ."

ಪಿಎಸ್‌ಐ ಅಬ್ದುಲಸಮದರು ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಹುಲಿಗೆವ್ವಳೊಂದಿಗೆ ಸ್ಥಳ ಪಂಚನಾಮೆ ಮುಗಿಸಿದರು. ವಿಜಯಪುರದ ಆಸ್ಪತ್ರೆಯಲ್ಲಿ ಸತೀಶಕುಮಾರ, ಕರೆದವನ ದನಿ ಗುರುತು ಸಿಗಲಿಲ್ಲ, ಹೊಡೆದವನ ಮುಖ ಕಾಣಲಿಲ್ಲ ಎಂದ. ಫೋನ್ ಕಂಪನಿಯಿಂದ ಅವನ ಕರೆಗಳ ವಿವರ ಬಂತು. ಕೊನೆಯ ಕರೆ ಕಳ್ಳಕವಟಗಿಯ ಸಂಗುವಿನದು. ಅವನು ಗೋಳಗುಮ್ಮಟದ ಬಳಿ ಆಟೋ ಓಡಿಸುತ್ತಿದ್ದ. ಕರೆಸಿದ್ದು ಸ್ವಂತ ಫೋನಿನಿಂದಲೇ. ಸಿಟ್ಟಿಗೆ ಅಷ್ಟು ದೂರ ಕಾಣುವುದಿಲ್ಲ.

ಗುರುವಾರ ಪೊಲೀಸರು ಅವನ ಮನೆಗೆ ಹೋದರು. ಹೆಂಡತಿ ಶಾಂಭವಿ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತಿದ್ದಳು. ಸಂಗು ಆ ದಿನ ಆಟೋ ಹೊರಡಿಸದೆ ಮನೆಯಲ್ಲೇ ಇದ್ದ.

"ಮೋಟರ್ ಸತೀಶ ಗೊತ್ತೇನಪಾ?" ಅಬ್ದುಲಸಮದರು ಸಂಗುವನ್ನು ಕೇಳಿದರು.

"ಇಲ್ರಿ. ಬೇಕಾದ್ರ ನನ್ನ ಫೋನ್ ನೋಡ್ರಿ. ಆತನ ಹೆಸರ ಇಲ್ಲ."

ಫೋನನ್ನು ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಹುಲಿಗೆವ್ವ ಹೆಸರುಗಳ ಪಟ್ಟಿ ಬಿಟ್ಟು ಕಾಲ್ ಹಿಸ್ಟರಿ ತೆಗೆದಳು. ಸೋಮವಾರ ಸಂಜೆಯ ಕರೆ ಅಲ್ಲೇ ಇತ್ತು. ಹೆಸರಿರಲಿಲ್ಲ, ನಂಬರು ಮಾತ್ರ ಸತೀಶನದೇ.

"ಹೆಸರ ಅಳಿಸಿದ್ರ ಮಾಡಿದ ಕಾಲ್ ಎಲ್ಲಿ ಹೊಕ್ಕೈತೋ ತಮ್ಮಾ?" ಎಂದಳು ಹುಲಿಗೆವ್ವ.

ಸಂಗುವಿನ ಮುಖ ಕಪ್ಪಿಟ್ಟಿತು. ಹೆಂಡತಿಯ ಕಡೆ ಕೈ ತೋರಿಸಿದ.

"ಇಕಿ ಫೋನನೂ ನೋಡ್ರಿ. 'ಸತೀಶ ಮೋಟರ್' ಅಂತ ಹೆಸರಿತ್ತು. ಯಾಕ ಅಂತ ಒಮ್ಮೆ ಗುರ್ರ್ ಅಂದೆ, ಮರುದಿನ ಹೆಸರ ಮಾಯ. ನಂಬರಿಗೆ ಮಾತ್ರ ದಿನಾ ಮುಂಜಾನಿ ಸಂಜಿಕ ಕಾಲ್ ಹೊಂಟಾವು. ಅದು ಆತನ ಅಂಗಡಿ ನಂಬರ ಅಲ್ಲ, ಕದ್ದಿಟ್ಟ ನಂಬರ. ನಾ ಮಾಡಿದ್ರ ಎರಡು ರಿಂಗಿಗೆ ಕಟ್ ಮಾಡ್ತಾನ. ಆತ ಹೊಲದ ಮೋಟರ್ ನೋಡಾಕ ಬಂದಾಗ ಇಕಿ ನಕ್ಕೋತ ಚಾ ಕೊಟ್ಟಿದ್ದು ನೋಡೇನಿ. ನನಗ ಎಂದರ ಹಂಗ ನಕ್ಕಾಳೇನ್ರಿ? ಎದಿ ಉರೀತಿತ್ತು ಸಾಹೇಬ್ರ. ಇಕಿ ಮೋಟರ್ ಮುಟ್ಟಿದ ಕೈ ಮುರೀಬೇಕು ಅನಿಸ್ತು."

ಶಾಂಭವಿಯ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು.

"ಆ ನಂಬರ ಯಾರದವ್ವಾ?" ಅಬ್ದುಲಸಮದರು ಕೇಳಿದರು.

ಆಕೆ ಫೋನು ತೆಗೆದು, ಹೆಸರಿಲ್ಲದ ಆ ನಂಬರನ್ನು ಒತ್ತಿ, ಎಲ್ಲರಿಗೂ ಕೇಳುವಂತೆ ಹಿಡಿದಳು. ಎರಡು ರಿಂಗಾಗಿ ಕಟ್ಟಾಯಿತು.

"ನೋಡಿದ್ರಿಲ್ಲೋ?" ಎಂದ ಸಂಗು.

ಅಷ್ಟರಲ್ಲಿ ಮನೆಯ ಹಿಂದಿನ ಹೊಲದಲ್ಲಿ ಮೋಟರು ಗುರುಗುಟ್ಟಿತು. ಪೈಪಿನಿಂದ ತೊಟ್ಟಿಗೆ ನೀರು ಬಿದ್ದ ಸದ್ದು ಕೇಳಿತು.

"ಮೋಟರಿನ ಸ್ಟಾರ್ಟರ್ ಡಬ್ಬಿಯೊಳಗ ಸಿಮ್ ಐತ್ರಿ, ಅದರ ನಂಬರ ಇದು," ಎಂದಳು ಶಾಂಭವಿ. "ಹೋದ ತಿಂಗಳ ಸತೀಶಣ್ಣ ಕೂಡ್ಸ್ಯಾನ. ನನ್ನ ಫೋನಿನಿಂದ ರಿಂಗ್ ಕೊಟ್ರ ಚಾಲು, ಮತ್ತೊಮ್ಮಿ ಕೊಟ್ರ ಬಂದ್. ಬ್ಯಾರೆಯವರು ಮಾಡಿದ್ರ ಬರೇ ಕಟ್ ಆಕ್ಕೈತಿ. ಹೆಸರ ಕಂಡ್ರ ಇವರು ಸಿಟ್ಟಾಗತಾರ ಅಂತ ಅಳಿಸಿದೆ. ಹಿಸ್ಟರಿಯೊಳಗಿಂದನ ಹಚ್ಚತಿದ್ದೆ."

"ನನಗ ಯಾಕ ಹೇಳ್ಲಿಲ್ಲ?" ಎಂದ ಸಂಗು.

"ಹೊಲದ ಮಾತು ನೀವು ಎಂದ ಕೇಳೀರಿ? ಕತ್ತಲಾಗ ಹೊಕ್ಕೀರಿ, ಕತ್ತಲಾಗ ಬರತೀರಿ. ಕೇಳಿದ್ರ ಹೇಳತಿದ್ದೆ."

ಆಟೋದ ಸೀಟಿನ ಕೆಳಗೆ ರಾಡು ಸಿಕ್ಕಿತು. ರಾಡನ್ನೂ ಎರಡು ಫೋನುಗಳನ್ನೂ ಜಪ್ತಿ ಪಂಚನಾಮೆ ಮಾಡಿ, ಸಂಗುವನ್ನು ಬಂಧಿಸಿದರು.

ಜೀಪಿನಲ್ಲಿ ಅವನು ಕೇಳಿದ: "ಸತೀಶನ ಬೆರಳು ಮಡಚತಾವೇನ್ರಿ?"

"ಕೇಳೂದನ್ನ ಈಗ ಕಲತಿ," ಎಂದರು ಅಬ್ದುಲಸಮದರು.

ಜೀಪು ಹೊಲದ ಪಕ್ಕ ಹಾಯ್ದಾಗ ತೊಟ್ಟಿ ತುಂಬಿ ನೀರು ದಾರಿಗೆ ಹರಿಯುತ್ತಿತ್ತು. ಶಾಂಭವಿಯ ಫೋನು ಜಪ್ತಿಯ ಚೀಲದಲ್ಲಿತ್ತು. ಮೋಟರನ್ನು ಕೈಯಿಂದಲೇ ನಿಲ್ಲಿಸಲು ಆಕೆ ಕೆಸರು ತುಳಿಯುತ್ತ ಹೋಗುತ್ತಿದ್ದಳು. ಜೀಪಿನ ಕಡೆ ತಿರುಗಿ ನೋಡಲಿಲ್ಲ.